ಬೂದಿ ಮುಚ್ಚಿದ ಕೆಂಡ

ಹಳ್ಳಿಯ ಮನೆಗಳಲ್ಲಿ ಒಲೆಯ ಬೂದಿಯನ್ನು ಯಾರೂ ವ್ಯರ್ಥವಾಗಿ ಚೆಲ್ಲುತ್ತಿರಲಿಲ್ಲ. ಅದು ಪಾತ್ರೆ ಬೆಳಗುವುದಕ್ಕೆ ಒದಗುತ್ತಿತ್ತು. ಉಳಿದದ್ದು ತಿಪ್ಪೆಗೆ ಬಿದ್ದು, ಗೊಬ್ಬರವಾಗಿ ಹೊಲವನ್ನು ಸೇರುತ್ತಿತ್ತು. ಕಾಳುಕಡ್ಡಿಗಳಿಗೆ ಹುಳು ಹಿಡಿಯದಂತೆ ಬೂದಿ ಬೆರೆಸಿಡುವುದೂ ಉಂಟು. ಆದರೆ ಆಗತಾನೆ ಒಲೆಯಿಂದ ತೆಗೆದ ಬೂದಿಯನ್ನು ತಿಳಿದವರು ಬರಿಗೈಯಿಂದ ಮುಟ್ಟುವುದಿಲ್ಲ. ಹುಲ್ಲಿನ ಬಣವೆಯ ಹತ್ತಿರ ಸುರಿಯುವುದಿಲ್ಲ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡವಿದ್ದೀತೆಂಬ ಭಯ. ಒಂದು ರಾತ್ರಿ ಕಳೆದರೆ ಆ ಕೆಂಡ ಆರಿಹೋಗುತ್ತದೆ. ಪರಮಾಣು ವಿದ್ಯುತ್ ಸ್ಥಾವರವೂ ಒಂದು ಬಗೆಯ ಒಲೆಯೇ. ಅದರಿಂದಲೂ ಬೂದಿ ಬರುತ್ತದೆ. ಆದರೆ ಆ ಬೂದಿಯೊಳಗಿನ ಕೆಂಡ ಆರಲು ಒಂದು ರಾತ್ರಿ ಸಾಲದು. ಲಕ್ಷ ವರ್ಷಗಳೇ ಬೇಕು.

ಇಲ್ಲಿ ಬೂದಿ ಎಂಬುದು ಹೋಲಿಕೆಯ ಮಾತು. ವಾಸ್ತವವಾಗಿ ಸ್ಥಾವರದಲ್ಲಿ ಏನೂ ಉರಿಯುವುದಿಲ್ಲ. ಯುರೇನಿಯಂ ಪರಮಾಣುವಿನ ಬೀಜವು ಒಡೆದು ಎರಡು ಹೋಳಾಗುವಾಗ ಅಪಾರವಾದ ಶಾಖವು ಹೊರಬೀಳುತ್ತದೆ. ಆ ಶಾಖದಿಂದ ನೀರು ಕುದಿದು, ಹಬೆಯು ಚಕ್ರವನ್ನು ತಿರುಗಿಸಿ, ವಿದ್ಯುತ್ತು ಹುಟ್ಟುತ್ತದೆ. ಒಡೆದ ಹೋಳುಗಳೇ ಸೀಸಿಯಂ, ಸ್ಟ್ರಾಂಶಿಯಂ, ಅಯೊಡಿನ್ ಮುಂತಾದ ಧಾತುಗಳು. ಯುರೇನಿಯಮ್ಮಿನ ಒಂದು ಪಾಲು ಒಡೆಯದೆ ಪ್ಲುಟೋನಿಯಂ ಆಗಿ ಮಾರ್ಪಡುವುದೂ ಉಂಟು. ಇವೆಲ್ಲವೂ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತ ಕ್ರಮೇಣ ಶಾಂತವಾಗತಕ್ಕವು. ಹೀಗೆ ಅರ್ಧದಷ್ಟು ಪರಮಾಣುಗಳು ಶಾಂತವಾಗಲು ಹಿಡಿಯುವ ಕಾಲವನ್ನು ವಿಜ್ಞಾನಿಗಳು ಅರ್ಧಾಯು ಎಂದು ಕರೆಯುತ್ತಾರೆ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. ಇಂದು ನೂರು ಪಾಲು ಇದ್ದರೆ 30 ವರ್ಷಗಳ ಅನಂತರ ಐವತ್ತು ಪಾಲು, 60 ವರ್ಷಗಳ ಅನಂತರ ಇಪ್ಪತ್ತೈದು ಪಾಲು ಉಳಿಯುತ್ತದೆ. ಮುನ್ನೂರು ವರ್ಷಗಳಾದಾಗ ಮೂಲದ ಸಾವಿರದಲ್ಲಿ ಒಂದು ಪಾಲಷ್ಟೆ ಇರುತ್ತದೆ. ಆದರೆ ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,000 ವರ್ಷ. ಇಂತಹ ದೀರ್ಘಾಯುಗಳು ಇರುವುದರಿಂದಲೇ ಈ ತ್ಯಾಜ್ಯದ ಪ್ರಶ್ನೆ ಜಟಿಲವಾಗಿರುವುದು.

ಗಾತ್ರದಲ್ಲಿ ನೋಡಿದರೆ ಈ ತ್ಯಾಜ್ಯ ಹೆಚ್ಚೇನಲ್ಲ. ಒಂದು ಸಾವಿರ ಮೆಗಾವ್ಯಾಟ್ ಸಾಮರ್ಥ್ಯದ ಪರಮಾಣು ಸ್ಥಾವರವು ವರ್ಷಕ್ಕೆ ಇಪ್ಪತ್ತರಿಂದ ಮೂವತ್ತು ಟನ್ ಬಳಸಿದ ಇಂಧನವನ್ನು ಹೊರಹಾಕುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲ ಸ್ಥಾವರದ ಬೂದಿ ಲಕ್ಷಾಂತರ ಟನ್ನುಗಳಾದೀತು. ಆದುದರಿಂದ ಇದು ಜಾಗದ ಸಮಸ್ಯೆಯಲ್ಲ, ಕಾಲದ ಸಮಸ್ಯೆ. ರಾಜ್ಯಗಳು ಹುಟ್ಟಿ ಅಳಿಯುತ್ತವೆ, ಗಡಿಗಳು ಬದಲಾಗುತ್ತವೆ. ಸುಮಾರು ಸಾವಿರದ ಐನೂರು ವರ್ಷ ಹಳೆಯದಾದ ಹಲ್ಮಿಡಿ ಶಾಸನವನ್ನು ಓದಿ ಅರ್ಥಮಾಡಿಕೊಳ್ಳಲು ಕನ್ನಡಿಗರಿಗೇ ಇಂದು ವಿದ್ವಾಂಸರ ನೆರವು ಬೇಕು. ಹಾಗಿರುವಾಗ ‘ಇಲ್ಲಿ ಅಗೆಯಬೇಡಿರಿ’ ಎಂಬ ಎಚ್ಚರಿಕೆಯನ್ನು ಲಕ್ಷ ವರ್ಷಗಳ ಆಚೆಗಿನವರಿಗೆ ಯಾವ ಲಿಪಿಯಲ್ಲಿ ಬರೆದಿಡುವುದು? ಇದು ಹಾಸ್ಯದ ಮಾತಲ್ಲ. ಅನೇಕ ಸರ್ಕಾರಗಳ ಪ್ರತಿನಿಧಿಗಳು ಒಟ್ಟುಗೂಡಿ 2011ರಿಂದ 2018ರವರೆಗೆ ಈ ಪ್ರಶ್ನೆಯನ್ನೇ ಕುರಿತು ಸಂಶೋಧನೆ ನಡೆಸಿದರು.

ಮೊದಮೊದಲು ಸರ್ಕಾರಗಳಿಗೆ ಇಷ್ಟು ದೂರದೃಷ್ಟಿಯಿರಲಿಲ್ಲವೆಂದೇ ಹೇಳಬೇಕು. ಅಮೆರಿಕವು 1946ರಲ್ಲಿಯೇ ವಿಕಿರಣಶೀಲ ತ್ಯಾಜ್ಯವನ್ನು ಪೀಪಾಯಿಗಳಲ್ಲಿ ತುಂಬಿ ಸಮುದ್ರಕ್ಕೆ ಹಾಕಲು ತೊಡಗಿತು. ಬೇರೆ ದೇಶಗಳೂ ಅದೇ ದಾರಿಯನ್ನು ಹಿಡಿದವು. ಸಮುದ್ರಕ್ಕೆ ಯಾರ ಯಜಮಾನಿಕೆಯೂ ಇಲ್ಲವಲ್ಲ! ಈ ಪದ್ಧತಿಯನ್ನು ಸಂಪೂರ್ಣವಾಗಿ ನಿಷೇಧಿಸಲು ರಾಷ್ಟ್ರಗಳು ಒಪ್ಪಿದ್ದು 1993ರಲ್ಲಿ. ಇನ್ನು ಸೋವಿಯತ್ ಒಕ್ಕೂಟದ ಯೂರಲ್ ಪ್ರಾಂತದಲ್ಲಿ 1957ರ ಸೆಪ್ಟೆಂಬರ್ 29ರಂದು ನಡೆದ ಅನಾಹುತವು ಮತ್ತೂ ಘೋರವಾದದ್ದು. ದ್ರವರೂಪದ ತ್ಯಾಜ್ಯವನ್ನು ತುಂಬಿದ್ದ ಉಕ್ಕಿನ ತೊಟ್ಟಿಯೊಂದನ್ನು ತಣಿಸುವ ವ್ಯವಸ್ಥೆ ಕೆಟ್ಟು, ತೊಟ್ಟಿಯು ಕಾದು ಸಿಡಿಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಠಗಳನ್ನು ತೊರೆಯಬೇಕಾಯಿತು. ಅಲ್ಲಿನ ಸರ್ಕಾರವು ಈ ಸುದ್ದಿಯನ್ನು ಬಚ್ಚಿಟ್ಟಿತು. ದೇಶಭ್ರಷ್ಟರಾಗಿದ್ದ ವಿಜ್ಞಾನಿ ಝೋರೆಸ್ ಮೆಡ್ವೆಡೆವ್ ಅವರು 1976ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ. ನೆಲದ ಮೇಲೆ ತೊಟ್ಟಿಗಳಲ್ಲಿಟ್ಟು ಕಾಯುವುದು ತಾತ್ಕಾಲಿಕ ಉಪಾಯವೇ ಹೊರತು ಶಾಶ್ವತವಾದುದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಾಯುವವನು ಒಂದು ದಿನ ಮೈಮರೆತರೂ ಕೇಡು ತಪ್ಪದು.

ಹಾಗಾದರೆ ಕಾವಲುಗಾರನಿಲ್ಲದೆಯೇ ಕಾಯಬಲ್ಲದ್ದು ಯಾವುದು? ಕೋಟ್ಯಂತರ ವರ್ಷಗಳಿಂದ ಅಲುಗದೆ ನಿಂತ ಬಂಡೆಯೊಂದೇ ಎಂದು ಭೂವಿಜ್ಞಾನಿಗಳು ಸೂಚಿಸಿದರು. ಭೂಮಿಯೊಳಗೆ ನೂರಾರು ಮೀಟರ್ ಆಳದಲ್ಲಿ ತ್ಯಾಜ್ಯವನ್ನು ಇರಿಸಿ ಮುಚ್ಚಿಬಿಟ್ಟರೆ ಮಳೆ, ಗಾಳಿ, ಯುದ್ಧ, ಕ್ಷಾಮ ಯಾವುವೂ ಅದನ್ನು ತಟ್ಟಲಾರವು. ಆದರೆ ಒಂದು ಶತ್ರುವಿದೆ. ಅದು ನೀರು. ಎಷ್ಟೇ ಗಟ್ಟಿಯಾದ ಬಂಡೆಯಲ್ಲಿಯೂ ಬಿರುಕುಗಳಿರುತ್ತವೆ; ಬಿರುಕುಗಳಲ್ಲಿ ನೀರು ಹರಿಯುತ್ತದೆ. ಅದು ತ್ಯಾಜ್ಯವನ್ನು ಕರಗಿಸಿ ಮೇಲಕ್ಕೆ ತಂದು, ಬಾವಿಗೋ ಕೆರೆಗೋ ಸೇರಿಸಿದರೆ ಗತಿಯೇನು? ಬಿಸಿಯಾದ ತ್ಯಾಜ್ಯವನ್ನು ಇಟ್ಟಾಗ ಬಂಡೆಯೇ ಸೀಳಿದರೆ? ಇವಕ್ಕೆ ಪುಸ್ತಕ ನೋಡಿ ಉತ್ತರ ಹೇಳುವಂತಿರಲಿಲ್ಲ. ಬಂಡೆಯ ಒಳಗೇ ಹೋಗಿ ಪರೀಕ್ಷಿಸಬೇಕಾಗಿತ್ತು.

ಅಂತಹ ಪರೀಕ್ಷೆಗೆ ಮೊದಲು ದಾರಿ ತೆರೆದ ದೇಶಗಳಲ್ಲಿ ಉತ್ತರ ಯೂರೋಪಿನ ಸ್ವೀಡನ್ ಒಂದು. ಅಲ್ಲಿನ ಸಂಸತ್ತು 1977ರಲ್ಲಿ ಒಂದು ವಿಲಕ್ಷಣವಾದ ಕಾನೂನನ್ನು ಮಾಡಿತು. ತ್ಯಾಜ್ಯವನ್ನು ಸಂಪೂರ್ಣ ಸುರಕ್ಷಿತವಾಗಿ ವಿಲೇವಾರಿ ಮಾಡುವ ಬಗೆಯನ್ನು ತೋರಿಸದ ಹೊರತು ಯಾವ ಹೊಸ ಸ್ಥಾವರಕ್ಕೂ ಇಂಧನವನ್ನು ತುಂಬತಕ್ಕದ್ದಲ್ಲ ಎಂಬುದೇ ಅದರ ತಾತ್ಪರ್ಯ. ಒಲೆ ಹಚ್ಚುವ ಮೊದಲು ಬೂದಿಯ ಲೆಕ್ಕ ಒಪ್ಪಿಸು ಎಂದಂತಾಯಿತು. ಈ ಕಾನೂನು ಕಾಗದದ ಹುಲಿಯಾಗಿರಲಿಲ್ಲ. ವಿದ್ಯುತ್ ಕಂಪೆನಿಗಳು ಒಪ್ಪಿಸಿದ ಸಮಾಧಾನವು ಸಾಕೇ ಸಾಲದೇ ಎಂಬ ವಿವಾದವು ಬೆಳೆಯಿತು. ವೃತ್ತಿಯಿಂದ ಕುರಿ ಸಾಕುವ ರೈತರಾಗಿದ್ದ ಪ್ರಧಾನಿ ತೋರ್ಬ್ಯೋರ್ನ್ ಫೆಲ್ಡಿನ್ ಅವರ ಸಂಯುಕ್ತ ಸರ್ಕಾರವು ಪರಮಾಣು ಶಕ್ತಿಯ ಪ್ರಶ್ನೆಯ ಮೇಲೆಯೇ ಒಡೆದು, 1978ರ ಅಕ್ಟೋಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು.

ರಾಜಕೀಯದ ಈ ಬಿಸಿಯ ನಡುವೆ, ಸ್ಟಾಕ್‌ಹೋಮಿನ ಪಶ್ಚಿಮಕ್ಕಿರುವ ಸ್ಟ್ರಿಪಾ ಎಂಬಲ್ಲಿ ವಿಜ್ಞಾನಿಗಳು ತಣ್ಣನೆಯ ಗಣಿಯೊಂದಕ್ಕೆ ಇಳಿದರು. ಸ್ಟ್ರಿಪಾ ಶತಮಾನಗಳಷ್ಟು ಹಳೆಯ ಕಬ್ಬಿಣದ ಗಣಿ. ಅದಿರು ತೆಗೆಯುವ ಕೆಲಸವು 1970ರ ದಶಕದ ನಡುವಿನಲ್ಲಿ ನಿಂತುಹೋಗಿತ್ತು. ಅದಿರಿನ ಪಕ್ಕದಲ್ಲಿಯೇ ವಿಶಾಲವಾದ ಗ್ರಾನೈಟ್ ಶಿಲೆ. ಆಳಕ್ಕೆ ಇಳಿಯಲು ದಾರಿ, ನೀರೆತ್ತುವ ಪಂಪು, ಗಾಳಿಯ ವ್ಯವಸ್ಥೆ ಎಲ್ಲವೂ ಸಿದ್ಧ. ಮೊದಲು ಸ್ವೀಡನ್ ಮತ್ತು ಅಮೆರಿಕಗಳು 1977ರಲ್ಲಿ ಕೈಜೋಡಿಸಿದವು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಪಾಲ್ ವಿದರ್‌ಸ್ಪೂನ್ ಅವರ ತಂಡ ಬಂದಿತು. ಆರ್ಥಿಕ ಸಹಕಾರ ಸಂಘಟನೆಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯದಲ್ಲಿ 1980ರಲ್ಲಿ ಇದು ಅಂತರರಾಷ್ಟ್ರೀಯ ಯೋಜನೆಯಾಯಿತು. ಕೆನಡ, ಫಿನ್ಲೆಂಡ್, ಫ್ರಾನ್ಸ್, ಜಪಾನ್, ಸ್ಪೇನ್, ಸ್ವಿಟ್ಜರ್‌ಲೆಂಡ್, ಬ್ರಿಟನ್‌ಗಳೂ ಸೇರಿ ವಿವಿಧ ಹಂತಗಳಲ್ಲಿ ಒಟ್ಟು 9 ದೇಶಗಳು ಪಾಲ್ಗೊಂಡವು. ಕೆಲಸವು 1992ರವರೆಗೆ ನಡೆಯಿತು. ಈ ಹದಿನೈದು ವರ್ಷಗಳಲ್ಲಿ ತ್ಯಾಜ್ಯದ ಒಂದೇ ಒಂದು ಪೀಪಾಯಿಯನ್ನೂ ಆ ಗಣಿಗೆ ಇಳಿಸಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಅದು ಕೇವಲ ಪ್ರಶ್ನೆ ಕೇಳುವ ಸ್ಥಳವಾಗಿತ್ತು.

ಪ್ರಶ್ನೆಗಳನ್ನು ಕೇಳಿದ ರೀತಿಯಾದರೂ ಸ್ವಾರಸ್ಯಕರವಾದದ್ದು. ತ್ಯಾಜ್ಯದ ಬದಲು ವಿದ್ಯುತ್ತಿನಿಂದ ಕಾಯುವ ಉಪಕರಣಗಳನ್ನು ಸುಮಾರು 340 ಮೀಟರ್ ಆಳದಲ್ಲಿ ಬಂಡೆಯ ರಂಧ್ರಗಳಿಗೆ ಇಳಿಸಿ, ಸುತ್ತಲೂ ನೂರಾರು ಮಾಪಕಗಳನ್ನು ಹುದುಗಿಸಿದರು. ಬಂಡೆಯಲ್ಲಿ ಶಾಖವು ಹರಡಿದ ಬಗೆಯು ಲೆಕ್ಕಾಚಾರಕ್ಕೆ ಸರಿಯಾಗಿಯೇ ಇತ್ತು. ಆದರೆ ಬಂಡೆಯು ಹಿಗ್ಗಿದ ಪ್ರಮಾಣ ಮಾತ್ರ ಲೆಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ. ಹಿಗ್ಗಿದ ಕಲ್ಲು ಮೊದಲು ತನ್ನ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆಂಬುದನ್ನು ಲೆಕ್ಕ ಹಾಕಿದವರು ಸಾಕಷ್ಟು ಎಣಿಸಿರಲಿಲ್ಲ.

ನೀರಿನ ಪರೀಕ್ಷೆಯು ಇದಕ್ಕಿಂತಲೂ ಸೊಗಸಾದದ್ದು. ಒಂದು ಸುರಂಗದ ಮೇಲ್ಛಾವಣಿಗೆ, ಗೋಡೆಗಳ ಮೇಲ್ಭಾಗಕ್ಕೆ ತಲಾ ಎರಡು ಚದರ ಮೀಟರಿನ ಪ್ಲಾಸ್ಟಿಕ್ ಹಾಳೆಗಳನ್ನು ಒತ್ತಾಗಿ ಅಂಟಿಸಿದರು. ಇಂತಹ ಹಾಳೆಗಳು ಮುನ್ನೂರಕ್ಕೂ ಹೆಚ್ಚು. ಪ್ರತಿಯೊಂದು ಹಾಳೆಯಲ್ಲಿ ತೊಟ್ಟಿಕ್ಕಿದ ನೀರನ್ನು ಬೇರೆ ಬೇರೆಯಾಗಿ ಸಂಗ್ರಹಿಸಿ ಅಳೆದರು. ಮೇಲಿನ ಬಂಡೆಗೆ ಮೂರು ರಂಧ್ರಗಳನ್ನು ಕೊರೆದು, ಅವುಗಳಲ್ಲಿ ಬೇರೆ ಬೇರೆ ಬಣ್ಣಗಳನ್ನೂ ಇತರ ಗುರುತಿನ ವಸ್ತುಗಳನ್ನೂ ಹರಿಯಬಿಟ್ಟರು. ಯಾವ ಬಣ್ಣ ಎಷ್ಟು ದಿನಗಳಿಗೆ ಯಾವ ಹಾಳೆಯಲ್ಲಿ ಇಳಿಯುತ್ತದೆಂದು ತಿಂಗಳುಗಟ್ಟಲೆ ಕಾದರು. ನೀರು ಬಂಡೆಯ ಎಲ್ಲ ಕಡೆಯೂ ಸಮವಾಗಿ ಜಿನುಗುತ್ತದೆಂಬ ಹಳೆಯ ಊಹೆ ಸುಳ್ಳಾಯಿತು. ಹೆಚ್ಚಿನ ಹಾಳೆಗಳು ಒಣಗಿಯೇ ಇದ್ದವು. ಕೆಲವೇ ಹಾಳೆಗಳಲ್ಲಿ ನೀರು ಧಾರಾಳವಾಗಿ ಬಂತು. ಬೇಸಗೆಯಲ್ಲಿ ಹೊಳೆಯ ಪಾತ್ರವೆಲ್ಲ ಒಣಗಿದ್ದರೂ ಒಂದೆರಡು ಕಾಲುವೆಯಂತಹ ಜಾಡುಗಳಲ್ಲಿ ಮಾತ್ರ ನೀರು ಹರಿಯುವುದುಂಟಷ್ಟೆ. ಬಂಡೆಯ ಬಿರುಕಿನೊಳಗೂ ಅದೇ ರೀತಿ. ತ್ಯಾಜ್ಯವನ್ನು ಇಡುವ ಜಾಗವನ್ನು ಆರಿಸುವವರಿಗೆ ಇದು ಬಹಳ ಬೆಲೆಯುಳ್ಳ ತಿಳಿವಳಿಕೆ. ಆ ಜಾಡುಗಳನ್ನು ಕೊರೆಯದೆಯೇ ಪತ್ತೆಹಚ್ಚುವ ರೇಡಾರ್ ಉಪಕರಣವೂ ಸ್ಟ್ರಿಪಾದಲ್ಲಿಯೇ ರೂಪುಗೊಂಡಿತು.

ಕಡೆಯ ಹಂತದಲ್ಲಿ ವಿಜ್ಞಾನಿಗಳು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಮುಂದೆ ತೋಡಲಿದ್ದ ಸುರಂಗದ ಅಂಚಿನ ಉದ್ದಕ್ಕೂ ಮೊದಲು ಆರು ರಂಧ್ರಗಳನ್ನು ಕೊರೆದು, ಒಳಬರುವ ನೀರನ್ನು ಅಳೆದರು. ಸುರಂಗ ತೋಡಿದ ಮೇಲೆ ಎಷ್ಟು ನೀರು ಬಂದೀತೆಂದು ಮುಂಚಿತವಾಗಿಯೇ ಬರೆದಿಟ್ಟು, ಆಮೇಲೆ ತೋಡಿದರು. ಬಂದ ನೀರು ರಂಧ್ರಗಳಿಗೆ ಬರುತ್ತಿದ್ದುದಕ್ಕಿಂತ ತೀರ ಕಡಿಮೆಯಾಗಿತ್ತು! ತೋಡುವ ಕ್ರಿಯೆಯೇ ಸುತ್ತಣ ಬಂಡೆಯ ಒತ್ತಡವನ್ನು ಬದಲಿಸಿ ಬಿರುಕುಗಳನ್ನು ಬಿಗಿಗೊಳಿಸಿರಬಹುದೆಂಬುದು ಅದಕ್ಕೆ ಕೊಟ್ಟ ವಿವರಣೆಗಳಲ್ಲೊಂದು. ಇಂತಹ ತಪ್ಪು ಲೆಕ್ಕಗಳನ್ನೂ ಅಡಗಿಸದೆ ಅಚ್ಚು ಹಾಕಿಸಿ ಪ್ರಕಟಿಸಿದರೆಂಬುದೇ ಸ್ಟ್ರಿಪಾದ ಹಿರಿಮೆ. ಹಲವು ಸರ್ಕಾರಗಳು ಹಣ ಹಾಕಿದ್ದ ಕಾರಣ ಒಬ್ಬರ ತಪ್ಪನ್ನು ಮತ್ತೊಬ್ಬರು ಎತ್ತಿ ತೋರಿಸುತ್ತಿದ್ದರು. ಒಂದೇ ಸರ್ಕಾರದ ಕೈಯಲ್ಲಿದ್ದಿದ್ದರೆ ಆ ವರದಿಗಳು ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವೋ!

ಇದು ಬರಿಯ ಅನುಮಾನದ ಮಾತಲ್ಲ. ಅದೇ ಕಾಲದಲ್ಲಿ ಜರ್ಮನಿಯ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ ಬೇರೊಂದು ಕಥೆ ನಡೆಯಿತು. ಸಂಶೋಧನೆಯ ಹೆಸರಿನಲ್ಲಿಯೇ ಅಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳನ್ನು ಇಳಿಸಿಬಿಟ್ಟರು. ಅವುಗಳಲ್ಲಿದ್ದುದು ಕಡಿಮೆ ಮತ್ತು ಮಧ್ಯಮ ದರ್ಜೆಯ ತ್ಯಾಜ್ಯ. ಉಪ್ಪಿನ ಗಣಿಯು ಸದಾ ಒಣಗಿರುತ್ತದೆಂಬ ನಂಬಿಕೆ. ಆದರೆ 1988ರಿಂದ ಅಲ್ಲಿ ನೀರು ಒಸರುತ್ತಿರುವುದು ಗೊತ್ತಾಯಿತು. ದಿನವೂ ಸಾವಿರಾರು ಲೀಟರ್ ಉಪ್ಪುನೀರನ್ನು ಮೇಲೆತ್ತಬೇಕಾದ ಸ್ಥಿತಿ ಒದಗಿತು. ಇಳಿಸಿದ ಪೀಪಾಯಿಗಳನ್ನೆಲ್ಲ ಹೊರತೆಗೆಯಬೇಕೆಂದು 2013ರಲ್ಲಿ ಜರ್ಮನಿಯು ಕಾನೂನನ್ನೇ ಮಾಡಬೇಕಾಯಿತು. ಸ್ಟ್ರಿಪಾದಲ್ಲಿ ಪ್ರಶ್ನೆ ಮೊದಲು. ಆಸ್ಸೆಯಲ್ಲಿ ಪೀಪಾಯಿ ಮೊದಲು.

ಮನುಷ್ಯನ ಪ್ರಯೋಗಕ್ಕೆ ಎಷ್ಟೆಂದರೂ ಹತ್ತಿಪ್ಪತ್ತು ವರ್ಷಗಳ ಮಿತಿ. ಲಕ್ಷ ವರ್ಷಗಳ ಪ್ರಯೋಗವನ್ನು ಯಾರು ಮಾಡಿಯಾರು? ಪ್ರಕೃತಿಯೇ ಒಮ್ಮೆ ಮಾಡಿಟ್ಟಿತ್ತು. ಆಫ್ರಿಕದ ಗಾಬೋನ್ ದೇಶದ ಓಕ್ಲೊ ಎಂಬಲ್ಲಿಯ ಯುರೇನಿಯಂ ಅದಿರಿನಲ್ಲಿ ಏನೋ ಕೊರತೆಯಿರುವುದನ್ನು ಫ್ರೆಂಚ್ ವಿಜ್ಞಾನಿಗಳು 1972ರಲ್ಲಿ ಕಂಡುಹಿಡಿದರು. ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ಪರಮಾಣು ಒಲೆ ತಾನಾಗಿಯೇ ಹೊತ್ತಿ, ಬಹುಕಾಲ ನಡೆದು, ಆರಿತ್ತು. ಅದರ ಬೂದಿಯಲ್ಲಿ ಪ್ಲುಟೋನಿಯಂ ಮೊದಲಾದ ಅನೇಕ ಧಾತುಗಳು ಹುಟ್ಟಿದ ಸ್ಥಳದಿಂದ ಹೆಚ್ಚು ದೂರ ಸರಿಯದೆಯೇ ಶಾಂತವಾಗಿದ್ದವು. ಸೀಸಿಯಮ್ಮಿನಂತಹ ಕೆಲವು ಮಾತ್ರ ನಿಲ್ಲದೆ ಹೊರಟುಹೋಗಿದ್ದವು. ಯಾವುದನ್ನು ಬಂಡೆ ಹಿಡಿದಿಡುತ್ತದೆ, ಯಾವುದನ್ನು ಬಿಟ್ಟುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ದಾಖಲೆ ಇನ್ನೊಂದಿಲ್ಲ.

ಇಷ್ಟೆಲ್ಲದರಿಂದ ಸ್ವೀಡನ್ನಿನವರು ರೂಪಿಸಿಕೊಂಡ ವಿಧಾನವು ಸರಳವಾಗಿದೆ. ಬಳಸಿದ ಇಂಧನವನ್ನು ತಾಮ್ರದ ದಪ್ಪ ಕವಚದ ಕೊಳವಿಗಳಲ್ಲಿ ತುಂಬುವುದು. ಸುಮಾರು 500 ಮೀಟರ್ ಆಳದ ಬಂಡೆಯಲ್ಲಿ ಗುಳಿ ತೋಡಿ ಅದರಲ್ಲಿರಿಸುವುದು. ಸುತ್ತಲೂ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಗಿಡಿಯುವುದು. ನೀರು ತಗುಲಿದೊಡನೆ ಈ ಮಣ್ಣು ಉಬ್ಬಿ, ಸಂದುಗಳನ್ನೆಲ್ಲ ತುಂಬಿ, ನೀರಿನ ದಾರಿಯನ್ನು ತಾನೇ ಮುಚ್ಚುತ್ತದೆ. ಈ ಮಣ್ಣಿನ ಗುಣವನ್ನು ಬಂಡೆಯೊಳಗೇ ಬಿಸಿ ಮಾಡಿ ಪರೀಕ್ಷಿಸಿದ್ದೂ ಸ್ಟ್ರಿಪಾದಲ್ಲಿ. ಖರ್ಚಿಗಾಗಿ ಪರಮಾಣು ವಿದ್ಯುತ್ತಿನ ಪ್ರತಿ ಯೂನಿಟ್ಟಿನ ಮೇಲೆ ಅಲ್ಪ ಶುಲ್ಕವನ್ನು ವಿಧಿಸಿ, ಪ್ರತ್ಯೇಕ ನಿಧಿಯಲ್ಲಿ ಕೂಡಿಡುತ್ತಾರೆ. ವಿದ್ಯುತ್ತನ್ನು ಉರಿಸಿದವರೇ ಬೂದಿಯ ಖರ್ಚನ್ನೂ ಕೊಡಬೇಕೆಂಬ ಈ ನ್ಯಾಯವು ಮೆಚ್ಚತಕ್ಕದ್ದು. ಆದರೂ ಆಕ್ಷೇಪಗಳು ತಪ್ಪಲಿಲ್ಲ. ಆಮ್ಲಜನಕವಿಲ್ಲದ ನೀರಿನಲ್ಲಿಯೂ ತಾಮ್ರವು ಸವೆಯುತ್ತದೆಂದು ಕೆಲವು ಸಂಶೋಧಕರು ವಾದಿಸಿದರು. ಅಲ್ಲಿಯ ಪರಿಸರ ನ್ಯಾಯಾಲಯವು 2018ರಲ್ಲಿ ಇದನ್ನು ಗಂಭೀರವಾಗಿ ಪರಿಗಣಿಸಿ, ಇನ್ನೂ ಪುರಾವೆ ಬೇಕೆಂದಿತು. ಸ್ಥಳೀಯ ಪುರಸಭೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಬೇಡವೆನ್ನುವ ಹಕ್ಕೂ ಇತ್ತು. ಸರ್ಕಾರವು 2022ರ ಜನವರಿಯಲ್ಲಿ ಅನುಮತಿಯನ್ನಿತ್ತಿತು. ಫೋರ್ಸ್‌ಮಾರ್ಕ್ ಎಂಬಲ್ಲಿ 2025ರ ಜನವರಿಯಲ್ಲಿ ನೆಲ ಅಗೆಯುವ ಕೆಲಸವು ಮೊದಲಾಯಿತು. ಸ್ಟ್ರಿಪಾದಲ್ಲಿ ಪಾಲುಗೊಂಡಿದ್ದ ನೆರೆಯ ಫಿನ್ಲೆಂಡ್ ಇನ್ನೂ ಮುಂದೆ ಸಾಗಿತು. ಓಲ್ಕಿಲುಒಟೊ ದ್ವೀಪದ ಬಂಡೆಯಲ್ಲಿ 2004ರಿಂದ ಸುರಂಗವನ್ನು ತೋಡಿ, 2024ರಲ್ಲಿ ತ್ಯಾಜ್ಯವಿಲ್ಲದ ಕೊಳವಿಗಳಿಂದ ಪೂರ್ವಪರೀಕ್ಷೆಯನ್ನು ಆರಂಭಿಸಿತು.

ಭಾರತವು ಸ್ಟ್ರಿಪಾದ ಕೂಟದಲ್ಲಿ ಇರಲಿಲ್ಲ. ಭಾರತದ ಮಾರ್ಗವೂ ಸ್ವಲ್ಪ ಬೇರೆ. ಇಲ್ಲಿ ಬಳಸಿದ ಇಂಧನವನ್ನು ಹಾಗೆಯೇ ಹೂಳುವುದಿಲ್ಲ. ಅದರಿಂದ ಪ್ಲುಟೋನಿಯಂ, ಯುರೇನಿಯಮ್ಮುಗಳನ್ನು ಬೇರ್ಪಡಿಸಿ, ಉಳಿದ ತೀವ್ರ ತ್ಯಾಜ್ಯವನ್ನು ಕಾದ ಗಾಜಿನೊಂದಿಗೆ ಕರಗಿಸಿ ಗಟ್ಟಿ ಮಾಡುತ್ತಾರೆ. ಗಾಜು ನೀರಿಗೆ ಸುಲಭವಾಗಿ ಕರಗದು. ಹೀಗೆ ಗಾಜಾದ ತ್ಯಾಜ್ಯವನ್ನು ಉಕ್ಕಿನ ಪಾತ್ರೆಗಳಲ್ಲಿ ಮುಚ್ಚಿ, ತಾರಾಪುರದಂತಹ ಸ್ಥಳಗಳಲ್ಲಿ ದಶಕಗಳ ಕಾಲ ತಣಿಯಲು ಬಿಡುತ್ತಾರೆ. ಆದರೆ ಅದಕ್ಕೂ ಕೊನೆಗೆ ಒಂದು ನೆಲೆ ಬೇಕು. ಕಾರವಾರದ ಸಮೀಪದ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿರುವಾಗ ಈ ಮಾತು ಕನ್ನಡಿಗರಿಗೆ ದೂರದ್ದೇನಲ್ಲ.

ನಿಜವಾಗಿಯೂ ದೂರದ್ದಲ್ಲ. ಸ್ಟ್ರಿಪಾದಲ್ಲಿ ಕೆಲಸ ನಡೆಯುತ್ತಿದ್ದ 1980ರ ದಶಕದಲ್ಲಿಯೇ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಅಂತಹುದೇ ಪ್ರಯೋಗವನ್ನು ನಡೆಸಿದರು. ಅಲ್ಲಿಯೂ ತ್ಯಾಜ್ಯವಿರಲಿಲ್ಲ, ವಿದ್ಯುತ್ ತಾಪಕವಿತ್ತು. ಕೋಲಾರದ ಕಪ್ಪು ಶಿಲೆಯು ಶಾಖಕ್ಕೆ ಹೇಗೆ ವರ್ತಿಸುತ್ತದೆಂದು ಎಂಟು ವರ್ಷಗಳ ಕಾಲ ಅಳೆದರು. ಚಿನ್ನವನ್ನು ಕೊಟ್ಟ ಬಂಡೆಯು ಈ ಪ್ರಶ್ನೆಗೂ ಉತ್ತರ ಕೊಟ್ಟಿತು. ಆ ಉತ್ತರವು ತಜ್ಞರ ಲೇಖನಗಳಲ್ಲಿ ಅಚ್ಚಾಯಿತು.

ಗಣಿಯನ್ನು 2001ರಲ್ಲಿ ಮುಚ್ಚಲಾಯಿತು. ನೀರೆತ್ತುವುದು ನಿಂತು, ಆಳದ ಸುರಂಗಗಳಲ್ಲಿ ನೀರು ತುಂಬಿತು. ಅದಾಗಿ ಹನ್ನೊಂದು ವರ್ಷಗಳ ಮೇಲೆ, 2012ರ ನವೆಂಬರಿನಲ್ಲಿ, ತಮಿಳುನಾಡಿನ ಕೂಡಂಕುಳಂ ಸ್ಥಾವರದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯುತ್ತಿದ್ದಾಗ, ತ್ಯಾಜ್ಯವನ್ನಿರಿಸುವ ಸ್ಥಳವೆಂದು ಕೋಲಾರದ ಗಣಿಯ ಹೆಸರು ಕೇಳಿಬಂದಿತು. ಚಿನ್ನವಿದ್ದಾಗ ಚಿನ್ನವನ್ನು ಒಯ್ದರು, ಈಗ ವಿಷವನ್ನು ತರುತ್ತಾರೆಯೇ ಎಂದು ಊರಿಗೆ ಊರೇ ಕೆರಳಿತು, ಪ್ರತಿಭಟನೆಗಳು ನಡೆದವು. ಅಂತಹ ಯೋಜನೆ ಯಾವುದೂ ಇಲ್ಲವೆಂದು ಕೆಲವೇ ದಿನಗಳಲ್ಲಿ ಸರ್ಕಾರದ ಪರವಾಗಿ ಸ್ಪಷ್ಟಪಡಿಸಬೇಕಾಯಿತು. ನೀರು ತುಂಬಿದ ಗಣಿಯು ತ್ಯಾಜ್ಯಕ್ಕೆ ಎಷ್ಟರಮಟ್ಟಿಗೆ ಯೋಗ್ಯವೆಂಬುದನ್ನು ಸ್ಟ್ರಿಪಾದ ಒಂದೆರಡು ವರದಿಗಳನ್ನು ಓದಿದವರು ಯಾರಾದರೂ ಹೇಳಬಲ್ಲರು. ಆದರೆ ಆ ದಿನಗಳಲ್ಲಿ ಕೋಲಾರದ ಬೀದಿಗಳಲ್ಲಿ ನಿಂತ ಜನರಿಗೆ ತಮ್ಮ ಕಾಲಡಿಯ ಬಂಡೆಯಲ್ಲಿ ಹಿಂದೊಮ್ಮೆ ಎಂಟು ವರ್ಷಗಳ ಕಾಲ ಏನನ್ನು ಅಳೆದಿದ್ದರೆಂದು ತಿಳಿಸಿದವರು ವಿರಳ.